ಕ್ಯಾಮೆರಾ ಇದ್ದಕ್ಕಿದ್ದಂತೆ ನಿಂತಿದೆ, ಚೌತಿಯೊಳಗೆ ಸರಿಯಾದೀತಾ?

ಕಾರವಾರದಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಆರು ವರ್ಷ ಹಳೆಯ ಡಿಎಸ್‌ಎಲ್‌ಆರ್ ಇದೆ. ಮೊನ್ನೆ ಸಂಜೆ ಮಳೆ ಬಿಟ್ಟಿತ್ತು ಅಂತ ಟ್ಯಾಗೋರ್ ಬೀಚಿಗೆ ಹೋಗಿದ್ದೆ. ಹದಿನೈದು ಫೋಟೋ ತೆಗೆಯುವ ತನಕ ಸರಿ ಇತ್ತು. ಆಮೇಲೆ ಒಮ್ಮೆಗೇ ಆಫ್. ಪರದೆ ಇಲ್ಲ, ದೀಪ ಇಲ್ಲ, ಒಂದು ಸದ್ದೂ ಇಲ್ಲ. ನೀರಿಗೆ ಬಿದ್ದಿಲ್ಲ, ಕೈತಪ್ಪಿಯೂ ಇಲ್ಲ. ಮನೆಗೆ ಬಂದು ಬ್ಯಾಟರಿ ಚಾರ್ಜಿಗೆ ಹಾಕಿದೆ, ಹಸಿರು ದೀಪ ಬಂತು. ಆದರೂ ಕ್ಯಾಮೆರಾ ಆನ್ ಆಗುತ್ತಿಲ್ಲ. ಒಂದು ಅಂಗಡಿಯಲ್ಲಿ ತೋರಿಸಿದೆ. ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ" ಅಂದರು. ಚೌತಿಗೆ ಹನ್ನೆರಡು ದಿನ ಇದೆ. ಗಣಪತಿಯ ಮೇಲೆ ಹಣ್ಣು, ಕಾಯಿ ತೂಗುಹಾಕುವ ಫಲಾವಳಿಯನ್ನು ಅಜ್ಜಿ ಈ ವರ್ಷ ತಾನೇ ಮುಂದೆ ನಿಂತು ಕಟ್ಟಿಸುತ್ತೇನೆ ಅಂದಿದ್ದಾಳೆ. ಅದರ ಫೋಟೋ ನನಗೆ ಬೇಕೇ ಬೇಕು. ಯಾರಿಗಾದರೂ ಹೀಗೆ ಆಗಿತ್ತಾ? ಏನು ಮಾಡಿದಿರಿ?

ಕುಮಟಾದಿಂದ:

ತಂಗಿ, ಮೊದಲು ಒಂದು ಕೆಲಸ ಮಾಡಿ. ಬ್ಯಾಟರಿ ಹೊರಗೆ ತೆಗೆಯಿರಿ, ಕಾರ್ಡನ್ನೂ ತೆಗೆಯಿರಿ. ಸ್ವಿಚ್ ಒತ್ತಿ ಒತ್ತಿ ನೋಡುವುದನ್ನು ಇವತ್ತಿಗೆ ನಿಲ್ಲಿಸಿ. ಒಳಗೆ ಉಪ್ಪಿನ ಪಸೆ ಕೂತಿದ್ದರೆ ಕರೆಂಟ್ ಹರಿದಷ್ಟೂ ಅದು ಬೇಗ ತಿನ್ನುತ್ತದೆ.

ನಾನು ಇಪ್ಪತ್ತು ವರ್ಷದಿಂದ ಮದುವೆ, ಉಪನಯನ, ಯಕ್ಷಗಾನದ ಫೋಟೋ ತೆಗೆಯುತ್ತಿದ್ದೇನೆ. ಕ್ಯಾಮೆರಾ ಪೂರ್ತಿ ಸ್ತಬ್ಧವಾಗಿ ನಿಂತದ್ದು ಐದು ಸಲ. ಬೋರ್ಡ್ ಹೋಗಿದ್ದು ಒಂದೇ ಸಲ. ಉಳಿದ ನಾಲ್ಕು ಸಲವೂ ತೊಂದರೆ ಇದ್ದದ್ದು ಬ್ಯಾಟರಿಯಿಂದ ಕ್ಯಾಮೆರಾಕ್ಕೆ ಕರೆಂಟ್ ಹೋಗುವ ದಾರಿಯಲ್ಲೇ. ಆ ದಾರಿ ಎರಡು ಇಂಚೂ ಇಲ್ಲ. ಮನೆಯಲ್ಲೇ ನೋಡಬಹುದು. ಹಾಗಾಗಿ ಬಿಚ್ಚದೇ ಬೋರ್ಡ್ ಹೋಗಿದೆ ಅಂದವರ ಮಾತನ್ನು ಈಗಲೇ ನಂಬಬೇಡಿ.

ಹಸಿರು ದೀಪ ಬಂತು ಅಂದಿರಿ. ಅಷ್ಟಕ್ಕೇ ಬ್ಯಾಟರಿ ಸರಿ ಇದೆ ಅಂತ ಹೇಳಲಾಗುವುದಿಲ್ಲ. ಹಳೆಯ ಬ್ಯಾಟರಿ ಸುಮ್ನೆ ಇರುವಾಗ ತುಂಬಿದ ಹಾಗೆ ಕಾಣುತ್ತದೆ, ಕ್ಯಾಮೆರಾ ಕರೆಂಟ್ ಎಳೆದ ಕೂಡಲೇ ಕುಸಿಯುತ್ತದೆ. ಡಿಎಸ್‌ಎಲ್‌ಆರ್ ಬ್ಯಾಟರಿಗಳ ಮೇಲೆ ಸಾಮಾನ್ಯವಾಗಿ 7.2 ಅಥವಾ 7.4 ವೋಲ್ಟ್ ಅಂತ ಬರೆದಿರುತ್ತದೆ. ಒಳಗೆ ಎರಡು ಸೆಲ್ ಇರುತ್ತವೆ, ಪೂರ್ತಿ ತುಂಬಿದಾಗ 8.4 ವೋಲ್ಟ್ ಹತ್ತಿರ ತೋರಿಸಬೇಕು. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಮಲ್ಟಿಮೀಟರ್ ಇರುತ್ತದೆ, ಒಂದು ನಿಮಿಷದ ಕೆಲಸ. ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೂ 7ಕ್ಕಿಂತ ಕೆಳಗೆ ಇದ್ದರೆ ಬ್ಯಾಟರಿ ಮುಗಿಯಿತು. 8 ದಾಟಿದ್ದರೂ ಪೂರ್ತಿ ಧೈರ್ಯ ಬೇಡ. ಅದೇ ಮಾದರಿಯ ಇನ್ನೊಂದು ಬ್ಯಾಟರಿ ಯಾರ ಹತ್ತಿರವಾದರೂ ಕೇಳಿ ಹಾಕಿ ನೋಡುವುದೇ ಗಟ್ಟಿ ಪರೀಕ್ಷೆ. ಕಾರವಾರದಲ್ಲಿ ಮದುವೆ ಫೋಟೋ ತೆಗೆಯುವ ಹುಡುಗರು ಬೇಕಾದಷ್ಟು ಜನ ಇದ್ದಾರೆ, ಐದು ನಿಮಿಷಕ್ಕೆ ಕೊಡಲು ಯಾರೂ ಇಲ್ಲ ಅನ್ನುವುದಿಲ್ಲ. ಬ್ಯಾಟರಿಯನ್ನು ಮೇಜಿನ ಮೇಲೆ ಮಲಗಿಸಿಯೂ ನೋಡಿ. ತೊಟ್ಟಿಲಿನ ಹಾಗೆ ಅಲುಗಾಡಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಅದನ್ನು ಮತ್ತೆ ಒಳಗೆ ತುರುಕಬೇಡಿ, ಚಾರ್ಜಿಗೂ ಹಾಕಬೇಡಿ.

ಈಗ ಬ್ಯಾಟರಿ ಮುಚ್ಚಳ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಇದೇ.

ಹೊನ್ನಾವರದ ಹತ್ತಿರ ಒಂದು ಊರಲ್ಲಿ ಯಕ್ಷಗಾನದ ಆಟ ಇತ್ತು. ರಾತ್ರಿ ಎರಡು ಗಂಟೆ ಹೊತ್ತಿಗೆ ರಾಕ್ಷಸ ವೇಷದ ಒಡ್ಡೋಲಗ, ಅಂದರೆ ರಂಗಪ್ರವೇಶ. ತೆರೆ ಹಿಡಿದಿದ್ದರು, ಚಂಡೆ ಏರುತ್ತಿತ್ತು, ತೆರೆಯ ಮೇಲಿನಿಂದ ಕಿರೀಟದ ತುದಿ ಕಾಣಿಸಿತು. ನಾನು ಕ್ಯಾಮೆರಾ ಎತ್ತಿದೆ, ಕ್ಯಾಮೆರಾ ಸತ್ತಿತ್ತು. ಬ್ಯಾಟರಿ ಬದಲಿಸಿದೆ, ಆಗಲಿಲ್ಲ. ಕಾರ್ಡ್ ಬದಲಿಸಿದೆ, ಆಗಲಿಲ್ಲ. ಇಡೀ ಪ್ರಸಂಗದಲ್ಲಿ ನಾನು ಕಾದಿದ್ದ ವೇಷ ಅದೊಂದೇ. ಅದು ಕಣ್ಣೆದುರಿಗೇ ಕುಣಿದು ಹೋಯಿತು, ನನ್ನ ಹತ್ತಿರ ಒಂದು ಚಿತ್ರವೂ ಇಲ್ಲ. ಆ ರಾತ್ರಿಯ ಬೇಜಾರು ಇವತ್ತಿಗೂ ಹೋಗಿಲ್ಲ.

ಬೆಳಿಗ್ಗೆ ಜಗಲಿಯಲ್ಲಿ ಕೂತು ಮುಚ್ಚಳ ತೆಗೆದು ನೋಡಿದೆ. ಮುಚ್ಚಳದ ಒಳಬದಿಯ ಅಂಚಿನಲ್ಲಿ ಅರ್ಧ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಮೊಳೆ ಇರುತ್ತದೆ. ಅದರ ಎದುರಿಗೆ, ಕ್ಯಾಮೆರಾದ ಮೈಯಲ್ಲಿ, ಅಷ್ಟೇ ಸಣ್ಣ ಕಿಂಡಿ. ಕಿಂಡಿಯ ಒಳಗೆ ಒಂದು ಪುಟ್ಟ ಸ್ವಿಚ್ಚು. ಮುಚ್ಚಳ ಹಾಕಿದಾಗ ಮೊಳೆ ಹೋಗಿ ಆ ಸ್ವಿಚ್ಚನ್ನು ಒತ್ತುತ್ತದೆ. ಆಗಷ್ಟೇ ಮುಚ್ಚಳ ಹಾಕಿದೆ ಅಂತ ಕ್ಯಾಮೆರಾಕ್ಕೆ ಗೊತ್ತಾಗುವುದು. ಒತ್ತದಿದ್ದರೆ ಎಷ್ಟೇ ಒಳ್ಳೆಯ ಬ್ಯಾಟರಿ ಹಾಕಿದರೂ ಅದು ಏಳುವುದಿಲ್ಲ. ನನ್ನ ಮುಚ್ಚಳದ ಮೊಳೆ ಸವೆದು ಮುರಿದಿತ್ತು, ಕಿಂಡಿಯಲ್ಲಿ ಧೂಳು ಗಟ್ಟಿಯಾಗಿತ್ತು. ಬರೀ ಮುಚ್ಚಳ ಬದಲಿಸಿದೆ. ಅದೇ ಕ್ಯಾಮೆರಾ ಆಮೇಲೆ ನಾಲ್ಕು ವರ್ಷ ಓಡಿತು.

ನೀವೂ ನೋಡಿ. ಕಾರ್ಡ್ ಹೊರಗಿರಲಿ, ಬ್ಯಾಟರಿ ಒಳಗಿರಲಿ, ಮುಚ್ಚಳ ತೆರೆದೇ ಇರಲಿ. ಹಲ್ಲುಕಡ್ಡಿಯಿಂದ ಆ ಕಿಂಡಿಯ ಸ್ವಿಚ್ಚನ್ನು ಮೆಲ್ಲಗೆ ಒತ್ತಿ ಹಿಡಿದು ಕ್ಯಾಮೆರಾ ಆನ್ ಮಾಡಿ. ಎದ್ದರೆ ತಪ್ಪು ಮುಚ್ಚಳದ್ದು. ಕೆಲವು ಮಾದರಿಗಳಲ್ಲಿ ಕಾರ್ಡಿನ ಬಾಗಿಲಿಗೂ ಇಂಥದೇ ಸ್ವಿಚ್ ಇರುತ್ತದೆ, ಅದನ್ನೂ ಗಟ್ಟಿಯಾಗಿ ಮುಚ್ಚಿ ನೋಡಿ.

ಆದರೆ ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಜಾಸ್ತಿ ಅನುಮಾನ ಇರುವುದು ಕಿಲುಬಿನ ಮೇಲೆ. ಕಾರವಾರದ ಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಅಲ್ವಾ? ಗಾಳಿಯಲ್ಲಿ ಬರುವ ಉಪ್ಪು ಲೋಹದ ಮೇಲೆ ಕೂತು, ಮಳೆಗಾಲದ ಥಂಡಿಯನ್ನು ತಾನೇ ಎಳೆದುಕೊಂಡು ಒದ್ದೆಯಾಗಿಯೇ ಇರುತ್ತದೆ. ಸಮುದ್ರದ ನೀರು ತಾಗಲೇಬೇಕೆಂದಿಲ್ಲ, ಅಲೆಯ ಹತ್ತಿರ ನಿಂತರೂ ಸಾಕು.

ಟಾರ್ಚ್ ಹಿಡಿದು ಬ್ಯಾಟರಿ ಗೂಡಿನ ತಳ ನೋಡಿ. ಬಂಗಾರದ ಬಣ್ಣದ ಸಣ್ಣ ಸಣ್ಣ ಪಿನ್ನುಗಳು ಸಾಲಾಗಿ ಕಾಣುತ್ತವೆ. ಎಲ್ಲ ಒಂದೇ ಎತ್ತರಕ್ಕೆ ಇವೆಯಾ ನೋಡಿ. ಹಲ್ಲುಕಡ್ಡಿಯಿಂದ ಒಂದೊಂದನ್ನೇ ಸ್ವಲ್ಪ ಒತ್ತಿದರೆ ಸ್ಪ್ರಿಂಗಿನ ಹಾಗೆ ವಾಪಸ್ ಬರಬೇಕು. ಯಾವುದಾದರೂ ಒಳಗೇ ಕೂತಿದ್ದರೆ, ಅಥವಾ ಬುಡದಲ್ಲಿ ಹಸಿರು ಕಂಡರೆ, ಕಳ್ಳ ಸಿಕ್ಕಿದ. ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೊಬೈಲ್ ರಿಪೇರಿಯವರು ಐಪಿಎ ಅಂತಾರೆ, ಅವರ ಹತ್ತಿರವೇ ಸಿಗುತ್ತದೆ. ಬ್ಯಾಟರಿ ಹೊರಗಿಟ್ಟು, ಇಯರ್ ಬಡ್ ತುದಿಗೆ ಒಂದೇ ಹನಿ ಹಾಕಿ, ಪಿನ್ನಿಗೆ ತಾಗಿಸಿ ಮೆಲ್ಲಗೆ ತಿರುಗಿಸಿ. ಹತ್ತಿ ಹಸಿರಾದರೆ ಬಿಸಾಡಿ ಇನ್ನೊಂದು ತಗೊಳ್ಳಿ. ಹತ್ತಿ ಬೆಳ್ಳಗೇ ಬರುವ ತನಕ ಮಾಡಿ, ಅರ್ಧ ಗಂಟೆ ಆರಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಮರಳು ಕಾಗದ ಮುಟ್ಟಿಸಲೇಬೇಡಿ, ಮೇಲಿನ ಬಂಗಾರದ ಲೇಪ ತೀರಾ ತೆಳು. ಬ್ಯಾಟರಿಯ ಕಡೆಯ ಚಪ್ಪಟೆ ಪಟ್ಟಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಬಹುದು. ಅದನ್ನು ಕ್ಯಾಮೆರಾದಿಂದ ದೂರ ಕೂತು ಮಾಡಿ, ಪುಡಿ ಒಳಗೆ ಹೋಗಬಾರದು.

ಇಷ್ಟಕ್ಕೂ ಏಳದಿದ್ದರೆ ಲೆನ್ಸ್ ಬಿಚ್ಚಿ, ಕ್ಯಾಮೆರಾದ ಬಾಯಿಗೆ ಮುಚ್ಚಳ ಹಾಕಿ ಆನ್ ಮಾಡಿ. ಕೆಲವೊಮ್ಮೆ ಕೆಟ್ಟ ಲೆನ್ಸೇ ಕ್ಯಾಮೆರಾವನ್ನು ಹಿಡಿದು ನಿಲ್ಲಿಸಿರುತ್ತದೆ. ಕ್ಯಾನನ್‌ನಲ್ಲಿ ಎರರ್ 01 ಅಂತ ಬಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ಮಾತು ನಿಂತಿದೆ ಅಂತಲೇ ಅರ್ಥ, ಲೆನ್ಸಿನ ಹಿಂಬದಿಯ ಪಟ್ಟಿಗಳನ್ನು ಒರೆಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಮಿರರ್‌ಲೆಸ್ ಇರುವವರಿಗೆ ಇನ್ನೊಂದು ಮಾತು. ಪರದೆ ಮಾತ್ರ ಕಪ್ಪಾಗಿದ್ದರೆ ಕಣ್ಣಿಡುವ ಜಾಗದ ಪಕ್ಕದ ಸೆನ್ಸರ್ ಒರೆಸಿ. ಅದರ ಮೇಲೆ ಕೊಳೆ ಕೂತರೆ ನೀವು ಕಣ್ಣಿಟ್ಟಿದ್ದೀರಿ ಅಂದುಕೊಂಡು ಕ್ಯಾಮೆರಾ ಪರದೆ ಆರಿಸುತ್ತದೆ.

ಮನೆಯಲ್ಲಿ ಸ್ಕ್ರೂ ಬಿಚ್ಚಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಫ್ಲ್ಯಾಶಿಗೆ ಇರುವ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಉಳಿದಿರುತ್ತದೆ. ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಹುಡುಗ ಒಮ್ಮೆ ಬೆರಳಿಟ್ಟು ಹಿಂದಕ್ಕೆ ಬಿದ್ದಿದ್ದ.

ಶಿರಸಿಯಿಂದ:

ಕುಮಟಾದ ಅಣ್ಣ ಹೇಳಿದ್ದೆಲ್ಲ ಸರಿ. ನಮ್ಮ ಘಟ್ಟದ ಮೇಲೆ ಉಪ್ಪಿನ ಕಾಟ ಇಲ್ಲ, ಬೂಷ್ಟಿನ ಕಾಟ. ನಮ್ಮದು ತೋಟದ ಮನೆ. ಜುಲೈ ತಿಂಗಳಲ್ಲಿ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಶೇಕಡಾ 90ರ ಮೇಲೇ ನಿಂತಿರುತ್ತದೆ. ಕ್ಯಾಮೆರಾಕ್ಕೆ 40ರಿಂದ 50 ಇದ್ದರೆ ಒಳ್ಳೆಯದು.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ, ಬೇರೆ ಯಾರೂ ಮಾಡುವುದು ಬೇಡ. ಒಣಗಿರಲಿ ಅಂತ ಕ್ಯಾಮೆರಾವನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಥಂಡಿ ಹಿಡಿಯಲಿಲ್ಲ ನಿಜ. ಎರಡು ತಿಂಗಳಲ್ಲಿ ಹೊಗೆಯ ಜಿಡ್ಡು ಗುಂಡಿಗಳ ಸಂದಿಗೆಲ್ಲ ಇಳಿದು, ಶಟರ್ ಗುಂಡಿ ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ಈಗ ಮರದ ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೇ ಕಾಲದ ಝೀರೋ ಬಲ್ಬ್ ಉರಿಸುತ್ತೇನೆ, ಕ್ಯಾಮೆರಾ ಮೇಲಿನ ಖಾನೆಯಲ್ಲಿ. ಎಲ್‌ಇಡಿ ಹಾಕಿದರೆ ಆಗುವುದಿಲ್ಲ, ಅದು ಬಿಸಿಯಾಗುವುದು ಸಾಕಾಗುವುದಿಲ್ಲ. ಕರೆಂಟ್ ಹೋಗುವ ದಿನಗಳಿಗೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ನೀಲಿ ಜೆಲ್‌ನ ಬಣ್ಣದಲ್ಲಿ ವಿಷದ ಅಂಶ ಇರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಕ್ಕಿಯ ಹಿಟ್ಟು ಸಂದಿಗೆ ಹೋಗುವುದೇ ಲಾಭ. ಹೇರ್ ಡ್ರೈಯರ್ ಕೂಡ ಬೇಡ, ಪಸೆಯನ್ನು ಇನ್ನೂ ಒಳಗೆ ತಳ್ಳುತ್ತದೆ.

ತೇವದಿಂದ ಕ್ಯಾಮೆರಾ ಕೆಡುವುದು ನಮ್ಮ ಅಜಾಗ್ರತೆಯಿಂದಲೇ ಅಂತಲೂ ಅಂದುಕೊಳ್ಳಬೇಡಿ. 2005ರಲ್ಲಿ ಹಲವು ದೊಡ್ಡ ಕಂಪನಿಗಳು ತಮ್ಮ ಹಳೆಯ ಮಾದರಿಗಳನ್ನು ಉಚಿತವಾಗಿ ರಿಪೇರಿ ಮಾಡಿಕೊಡುವುದಾಗಿ ಪ್ರಕಟಿಸಿದ್ದವು. ಅವುಗಳಲ್ಲಿ ಚಿತ್ರ ಹಿಡಿಯುವ, ಸೋನಿ ತಯಾರಿಸಿದ ಸಿಸಿಡಿ ಸೆನ್ಸರಿನ ಒಳಗಿನ ಸಣ್ಣ ತಂತಿಗಳು ಸೆಕೆ ಮತ್ತು ತೇವಕ್ಕೆ ಕಳಚಿಕೊಳ್ಳುತ್ತಿದ್ದವು, ಚಿತ್ರ ಕಪ್ಪಾಗುತ್ತಿತ್ತು ಅಥವಾ ಗೆರೆ ಗೆರೆಯಾಗುತ್ತಿತ್ತು. ಹಾಗಾಗಿ ದುಡ್ಡು ಕೊಡುವ ಮೊದಲು ನಿಮ್ಮ ಮಾದರಿಯ ಹೆಸರು ಹಾಕಿ ಕಂಪನಿಯ ಸೂಚನೆ ಏನಾದರೂ ಇದೆಯಾ ಅಂತ ಹುಡುಕಿ.

ಕಾರ್ಡ್ ಬಗ್ಗೆ ಒಂದೇ ಮಾತು. ಒಂದು ಮಾರಿಕಾಂಬಾ ಜಾತ್ರೆಯಲ್ಲಿ ರಥದ ಫೋಟೋ ತೆಗೆದ ಕಾರ್ಡ್ "ಓದಲಾಗುತ್ತಿಲ್ಲ" ಅಂದಿತು. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ, ನನಗೆ ಅಳುವೇ ಬಂತು. ಆ ಕಾರ್ಡಿನ ಮೇಲೆ ಮತ್ತೆ ಏನೂ ತೆಗೆಯದೆ ಎತ್ತಿಟ್ಟು, ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶದಿಂದ ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ಸಿಕ್ಕವು. ಮೇಲೆ ಬರೆಯದಿದ್ದರೆ ಒಳಗಿನದ್ದು ಉಳಿದಿರುತ್ತದೆ.

ಅಂಕೋಲಾದಿಂದ:

ಲೆನ್ಸ್ ಹೊರಗೆ ಬರುವ ಸಣ್ಣ ಕ್ಯಾಮೆರಾ ಇದ್ದವರಿಗೆ: ಬೀಚಿನಲ್ಲಿ ನಿಂತು "ಲೆನ್ಸ್ ಎರರ್" ಅಂದರೆ ಹತ್ತರಲ್ಲಿ ಒಂಬತ್ತು ಸಲ ಮರಳು. ಕೈಯಿಂದ ಎಳೆಯಬೇಡಿ, ಒಳಗಿನ ಹಲ್ಲು ಮುರಿಯುತ್ತದೆ. ಲೆನ್ಸನ್ನು ಕೆಳಮುಖ ಮಾಡಿ ರಬ್ಬರ್ ಬ್ಲೋವರಿನಿಂದ ಸಂದಿಗೆ ಗಾಳಿ ಹೊಡೆಯಿರಿ. ನನ್ನದು ಹಾಗೇ ಸರಿಯಾಯಿತು. ಸಮುದ್ರದ ನೀರಿಗೇ ಬಿದ್ದರೆ ಮಾತ್ರ ಬೇರೆ ಯೋಚನೆ ಬೇಡ. ಬ್ಯಾಟರಿ ಕಿತ್ತು ಅವತ್ತೇ ರಿಪೇರಿಗೆ ಒಯ್ಯಿರಿ, ನಾಳೆ ಅಂದರೆ ತಡ.

ಕಾರವಾರದಿಂದ, ಮೂರು ದಿನದ ನಂತರ:

ಕ್ಯಾಮೆರಾ ಎದ್ದಿದೆ!

ಎಲ್ಲರೂ ಹೇಳಿದ ಹಾಗೆ ಸ್ವಿಚ್ ಮುಟ್ಟದೆ ಎರಡು ದಿನ ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟೆ. ಮಲ್ಟಿಮೀಟರಿನಲ್ಲಿ ಬ್ಯಾಟರಿ 8.3 ತೋರಿಸಿತು. ಪರಿಚಯದ ಫೋಟೋಗ್ರಾಫರ್ ಒಬ್ಬರ ಬ್ಯಾಟರಿ ಹಾಕಿದರೂ ಆಗಲಿಲ್ಲ. ಹಲ್ಲುಕಡ್ಡಿಯಿಂದ ಮುಚ್ಚಳದ ಸ್ವಿಚ್ ಒತ್ತಿದೆ, ಅದಕ್ಕೂ ಇಲ್ಲ. ಆಮೇಲೆ ಟಾರ್ಚ್ ಹಾಕಿ ನೋಡಿದರೆ ತುದಿಯ ಒಂದು ಪಿನ್ ಉಳಿದವಕ್ಕಿಂತ ಕೆಳಗೆ ಕೂತಿತ್ತು. ಬುಡದಲ್ಲಿ ಸಾಸಿವೆಯಷ್ಟು ಹಸಿರು. ನಾಲ್ಕು ಇಯರ್ ಬಡ್ ಹಸಿರಾದವು, ಐದನೆಯದಕ್ಕೆ ಪಿನ್ ಟಪ್ ಅಂತ ಮೇಲೆ ಬಂತು. ಆ ಸದ್ದು ಕೇಳಿ ನನ್ನ ಕೈ ನಡುಗಿತು.

ಆನ್ ಮಾಡಿದರೆ ಮೊದಲು ದಿನಾಂಕ ಕೇಳುತ್ತಿದೆ, ಹೊಸ ಕ್ಯಾಮೆರಾದ ಹಾಗೆ. ಇದರಿಂದ ತೊಂದರೆ ಇದೆಯಾ ಕುಮಟಾದ ಅಣ್ಣಾ?

ಕುಮಟಾದಿಂದ:

ಓದಿ ಬಹಳ ಸಂತೋಷವಾಯಿತು ತಂಗಿ. ದಿನಾಂಕದ ಬಗ್ಗೆ ಚಿಂತೆ ಬೇಡ. ಗಡಿಯಾರ ನಡೆಸಲು ಒಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿಯಿಂದ ಅದಕ್ಕೆ ಕರೆಂಟ್ ಸಿಗದೆ ಖಾಲಿಯಾಗಿದೆ. ಚಾರ್ಜ್ ಆದ ಬ್ಯಾಟರಿಯನ್ನು ಒಂದೆರಡು ದಿನ ಒಳಗೇ ಬಿಡಿ, ತಾನೇ ತುಂಬಿಕೊಳ್ಳುತ್ತದೆ. ಆಮೇಲೂ ದಿನಾ ಕೇಳಿದರೆ ಹೇಳಿ. ಕೆಲವು ಹಳೆಯ ಮಾದರಿಗಳಲ್ಲಿ ಅದು ಬದಲಿಸುವ ನಾಣ್ಯದಾಕಾರದ ಸೆಲ್ ಆಗಿರುತ್ತದೆ.

ಒಮ್ಮೆ ಕಿಲುಬು ಹಿಡಿದ ಪಿನ್ ಮತ್ತೆ ಹಿಡಿಯುತ್ತದೆ. ಚೌತಿಯ ಹಿಂದಿನ ದಿನ ಮತ್ತೊಮ್ಮೆ ಟಾರ್ಚ್ ಹಾಕಿ ನೋಡಿ, ಐಪಿಎ ಸೀಸೆ ಕೈಗೆ ಸಿಗುವ ಹಾಗೆ ಇರಲಿ. ಇನ್ನು ಮುಂದೆ ಬೀಚಿನಿಂದ ಬಂದ ಕೂಡಲೇ ಸಿಹಿನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಮೇಲೆ ಒಣ ಬಟ್ಟೆ. ಎಸಿ ಕಾರಲ್ಲಿ ಹೋದರೆ ಕ್ಯಾಮೆರಾವನ್ನು ಚೀಲದಿಂದ ಕೂಡಲೇ ತೆಗೆಯಬೇಡಿ. ಹೊರಗಿನ ಸೆಕೆಗೆ ಹದವಾಗಲು ಅರ್ಧ ಗಂಟೆ ಕೊಡಿ, ಇಲ್ಲದಿದ್ದರೆ ಒಳಗೆಲ್ಲ ಬೆವರುತ್ತದೆ.

ಕಾರವಾರದಿಂದ:

ಆಯ್ತು ಅಣ್ಣಾ, ಹಾಗೇ ಮಾಡುತ್ತೇನೆ. ಅಂಗಳದಲ್ಲಿ ಅಡಿಕೆ ಕೊನೆ ಆರಿಸುತ್ತಾ ಕೂತಿದ್ದ ಅಜ್ಜಿಯ ಮೂರು ಫೋಟೋ ಈಗಷ್ಟೇ ತೆಗೆದೆ. ಮೂರೂ ಸರಿಯಾಗಿ ಬಂದಿವೆ.