'ಕಾಸ್ಕ್ ಸ್ಟ್ರೆಂತ್' ಅಂದರೆ ಬರೀ 'ಸ್ಟ್ರಾಂಗ್' ಅನ್ನೋದೇ?

ಪ್ರಶ್ನೆ: ಶೆರಿಡ್ ಸ್ಕಾಚ್‌ಗಳ ಬೆಲೆ ಹೋಲಿಸುವಾಗ 'ಕಾಸ್ಕ್ ಸ್ಟ್ರೆಂತ್' ಅನ್ನು 'ಸ್ಟ್ರಾಂಗ್ ವಿಸ್ಕಿ' ಎಂದರೆ ಸಾಕೆ? ಗ್ಲೆನ್‌ಫಾರ್ಕ್ಲಸ್ 105 ಎಂಬ ಸ್ಕಾಚ್‌ನ ಹೆಸರಿನಲ್ಲಿ 105 ಏನು?

ಸಾಲದು. ಬೆಂಗಳೂರಿನ ದರ್ಶಿನಿಯಲ್ಲಿ ಸ್ಟ್ರಾಂಗ್ ಕಾಫಿ ಎಂದರೆ ಡಿಕಾಕ್ಷನ್ ಜಾಸ್ತಿ, ಹಾಲು ಕಮ್ಮಿ. ರುಚಿ, ಕಸುವು ಎರಡೂ ಒಂದೇ ಮಾತಿನಲ್ಲಿ ಮುಗಿಯುತ್ತವೆ. ವಿಸ್ಕಿಯಲ್ಲಿ ಅವು ಬೇರೆಬೇರೆ. 'ಶೆರಿಡ್' ರುಚಿಯ ಮಾತು: ಶೆರಿ ವೈನ್ ಹೀರಿದ ಓಕ್ ಪೀಪಾಯಿಯಲ್ಲಿ ಮಾಗಿ ಬಂದ ಒಣದ್ರಾಕ್ಷಿ, ಅಂಜೂರದ ಘಮ. 40% ಆಲ್ಕೋಹಾಲಿನ ವಿಸ್ಕಿಯಲ್ಲೂ ಅದು ಇರಬಹುದು. 'ಕಾಸ್ಕ್ ಸ್ಟ್ರೆಂತ್' ಎಂದರೆ ಬಾಟಲಿಗೆ ತುಂಬುವ ಮುನ್ನ ನೀರು ಬೆರೆಸಿ ಇಳಿಸಿಲ್ಲ ಎಂದು. 'ಪೀಪಾಯಿ ಕಸುವು' ಎನ್ನಬಹುದು (ಪೀಪಾಯಿಯೂ ಪೋರ್ಚುಗೀಸರ ಕೊಡುಗೆಯೇ, ಮಡಿವಂತಿಕೆ ಬೇಡ). ಬಾರಿನ 'ರಾ' ಮಾತ್ರ ಬೇಡ. ಅದು ಕುಡಿಯುವವನು ನೀರು ಹಾಕಿಕೊಳ್ಳದ್ದು, ತಯಾರಿಸಿದವರು ಹಾಕದ್ದಲ್ಲ.

105 ಶೇಕಡಾ ಅಲ್ಲ, ಆಲ್ಕೋಹಾಲಿನ ಕಸುವು ಹೇಳುವ ಹಳೆಯ ಬ್ರಿಟಿಷ್ ಅಳತೆ, ಪ್ರೂಫ್. 4ರಿಂದ ಗುಣಿಸಿ 7ರಿಂದ ಭಾಗಿಸಿ: 60%. ಅಮೆರಿಕದ ಪ್ರೂಫ್ ಶೇಕಡಾದ ಎರಡರಷ್ಟು. ಆ ಲೆಕ್ಕ ಹಿಡಿದರೆ 52.5 ಎಂಬ ತಪ್ಪು ಉತ್ತರ ಬರುತ್ತದೆ. ನಮ್ಮ ಬಾಟಲಿಗಳ ವಿಚಿತ್ರ 42.8% ಕೂಡ ಇದೇ ಲೆಕ್ಕದ 75 ಪ್ರೂಫ್. ಸ್ಕಾಚ್ ಅಲ್ಲದಿದ್ದರೂ ನಮ್ಮೂರಿನ ಅಮೃತ್ ಇಂಟರ್‌ಮೀಡಿಯೆಟ್ ಶೆರಿಯ 57.1% ಕರಾರುವಾಕ್ಕಾಗಿ 100 ಪ್ರೂಫ್.

ಇನ್ನು ಬೆಲೆ. ಬಾಟಲಿಗೆ ಬಾಟಲಿ ಹೋಲಿಸಿದರೆ ಎಡವುತ್ತೀರಿ. 60%ನ 700 ಮಿಲಿಯಲ್ಲಿ ಆಲ್ಕೋಹಾಲ್ 420 ಮಿಲಿ, 42.8%ನ 750 ಮಿಲಿಯಲ್ಲಿ 321. ಅಂದರೆ ಮೊದಲನೆಯದರ ಬೆಲೆ ಸುಮಾರು 30% ಹೆಚ್ಚಿದ್ದರೂ 'ದುಬಾರಿ' ಎನ್ನುವಂತಿಲ್ಲ. ರುಚಿ ಹೋಲಿಸುವಾಗಲೂ ಹಾಗೆಯೇ: 60%ನ 30 ಮಿಲಿಗೆ 9 ಮಿಲಿ ನೀರು ಬಿದ್ದರೆ 46%ಕ್ಕೆ ಇಳಿಯುತ್ತದೆ. ಚಮಚದಿಂದ ಸ್ವಲ್ಪ ಸ್ವಲ್ಪವೇ ಹಾಕಿ. ಒಮ್ಮೆ ತೆಳುವಾದದ್ದನ್ನು ಮತ್ತೆ ಗಟ್ಟಿ ಮಾಡಲಾಗದು. ಐಸ್ ಹಾಕಿದರೆ ತಣ್ಣಗಾಗಿ ಶೆರಿಯ ಘಮವೇ ಅಡಗುತ್ತದೆ, ಆಮೇಲೆ ಹೋಲಿಸಲು ಏನುಳಿಯಿತು?

ಇನ್ನೊಂದು ಪದ: ಅಬರ್‌ಲವರ್ ಡಿಸ್ಟಿಲರಿಯವರ ಕಾಸ್ಕ್ ಸ್ಟ್ರೆಂತ್ ಶೆರಿಡ್ ಸ್ಕಾಚ್ 'ಅಬೂನಾ' (A'bunadh). ಗೇಲಿಕ್‌ನಲ್ಲಿ 'ಮೂಲದ್ದು' ಎಂಬರ್ಥ. ಬರೆಯುವಾಗ ಕಾಣುವ ಕೊನೆಯ ಅಕ್ಷರಗಳು ಉಚ್ಚಾರದಲ್ಲಿ ನುಂಗಿಹೋಗುತ್ತವೆ. ಗ್ಲೆನ್‌ಫಾರ್ಕ್ಲಸ್ 105 ಸದಾ 60%. ಅಬೂನಾ ಬ್ಯಾಚಿಂದ ಬ್ಯಾಚಿಗೆ ಅದರ ಆಚೀಚೆ ಸರಿಯುತ್ತದೆ. ಹಾಗಾಗಿ ಅದರ ಬೆಲೆ ಬರೆಯುವಾಗ ಲೇಬಲ್ಲಿನ ಬ್ಯಾಚ್ ಸಂಖ್ಯೆಯನ್ನೂ ಬರೆಯಿರಿ.