ಓದುಗರ ಸ್ಪಂದನ: ‘ಹೊಗಳುತ್ತಾರೆ, ಕೊಳ್ಳುವುದಿಲ್ಲ’

ಸಾಗರ ತಾಲ್ಲೂಕಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟ ಹೇಳಿಕೊಂಡಿದ್ದರು. ಮದುವೆ, ಹಬ್ಬಗಳಲ್ಲಿ ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಅತ್ತೆಯಿಂದ ಕಲಿತು, ಅದನ್ನು ಬಟ್ಟೆ, ಮರದ ಟ್ರೇ, ಹಲಗೆಗಳ ಮೇಲೆ ಬರೆದು ಸಾಗರ, ಶಿವಮೊಗ್ಗ, ತೀರ್ಥಹಳ್ಳಿಯ ಮೇಳಗಳಲ್ಲಿ ಮಾರುತ್ತಾರೆ. “ಬಂದವರೆಲ್ಲ ಎಷ್ಟು ಚೆನ್ನಾಗಿದೆ ಅಂತಾರೆ, ಫೋಟೋ ತೆಗೀತಾರೆ, 650 ರೂಪಾಯಿಯ ಟ್ರೇಯನ್ನು 200ಕ್ಕೆ ಕೇಳ್ತಾರೆ. ಪಕ್ಕದ ಮಳಿಗೆಯಲ್ಲಿ ಪ್ರಿಂಟ್ ಹೊಡೆದ ಮಗ್ಗುಗಳು ಸಂಜೆಯೊಳಗೆ ಖಾಲಿ. ನನಗೆ ಮಳಿಗೆ ಬಾಡಿಗೆಯೂ ಹುಟ್ಟುವುದಿಲ್ಲ. ಬೆಲೆ ಇಳಿಸಲಾ, ಇಲ್ಲ ಬಿಟ್ಟೇ ಬಿಡಲಾ?” ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಚೀಲ ಮಾರುವ ಓದುಗರು, ಹೆಗ್ಗೋಡು ಸಮೀಪ

ಬೆಲೆ ಇಳಿಸಬೇಡಿ ಅಕ್ಕಾ. 650ನ್ನು 400 ಮಾಡಿದರೆ 200ಕ್ಕೆ ಕೇಳಿದವರು 100ಕ್ಕೆ ಕೇಳುತ್ತಾರೆ, ಅಷ್ಟೆ. ನಾನು ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಬಣ್ಣ ಹಾಕಿದ ಬಟ್ಟೆ ಚೀಲ ಮಾರುವವಳು. ನನಗೂ ಇದೇ ಗೋಳು.

ಮೊದಲು ಒಂದು ಹಾಳೆ ಮೇಲೆ ಲೆಕ್ಕ ಬರೆಯಿರಿ. ಖಾಲಿ ಟ್ರೇಗೆ 180, ಬಣ್ಣ ವಾರ್ನಿಷ್‌ಗೆ 40 ಅಂತ ಇಟ್ಟುಕೊಳ್ಳಿ. ಉಳಿದದ್ದು 430. ಅದರಲ್ಲಿ ಮಳಿಗೆ ಬಾಡಿಗೆ ಹೋಗಬೇಕು, ಮಧ್ಯಾಹ್ನದ ಊಟ ಹೋಗಬೇಕು, ಓಡಾಟದ ಖರ್ಚು ಹೋಗಬೇಕು. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಅಂತ ಕೇಳುವವರಿಗೆ ಏನು ಹೇಳೋದು? ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಹಲಗೆ ಹೊತ್ತು ಹತ್ತಿದರೆ ಲಗೇಜು ಬೇರೆ. ಎಲ್ಲ ಕಳೆದು ಉಳಿದದ್ದನ್ನು ನೀವು ಗೆರೆ ಎಳೆಯಲು ಕೂತ ಹೊತ್ತಿಗೆ ಹಂಚಿ ನೋಡಿ. ತೋಟದ ಕೆಲಸಕ್ಕೆ ಈಗ ದಿನದ ಕೂಲಿ ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. ಅದಕ್ಕಿಂತ ಕಡಿಮೆ ಬಂತು ಅಂದರೆ 650 ಅನ್ನುವುದೇ ತಪ್ಪು ಬೆಲೆ.

ಇನ್ನು ಮಗ್ಗಿನ ವಿಷಯ. ಅದರ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿಯಬೇಡಿ. ಮಳಿಗೆಯಲ್ಲಿ ಸುಮ್ನೆ ಕುರ್ಚಿ ಹಾಕಿಕೊಂಡು ಕೂರುವ ಬದಲು ಅಲ್ಲೇ ಬರೆಯುತ್ತಾ ಕೂತುಕೊಳ್ಳಿ. ಗರಟೆಯಲ್ಲಿ ಅಕ್ಕಿ ಹಿಟ್ಟಿನ ಬಿಳಿ, ಕೈಯಲ್ಲಿ ಪುಂಡಿ ನಾರಿನ ಕುಂಚ, ಮುಂದೆ ಕೆಮ್ಮಣ್ಣು ಬಳಿದ ಹಲಗೆ. ಅಳತೆಪಟ್ಟಿ ಇಲ್ಲದೆ ಆ ಕಡೆಯಿಂದ ಈ ಕಡೆಗೆ ಒಂದೇ ಉಸಿರಿನಲ್ಲಿ ಗೆರೆ ಎಳೆಯುತ್ತೀರಲ್ಲ, ಅದನ್ನು ನೋಡಿದ ಮೇಲೆ 200ಕ್ಕೆ ಕೇಳಲು ಬಾಯಿ ಬರುವುದು ಕಷ್ಟ. ಮಕ್ಕಳು ಮೊದಲು ನಿಲ್ಲುತ್ತಾರೆ. ಮಕ್ಕಳು ನಿಂತರೆ ಅಪ್ಪ ಅಮ್ಮ ನಿಲ್ಲಲೇಬೇಕು.

ಫೋಟೋ ತೆಗೆಯುವವರನ್ನು ತಡೆಯಬೇಡಿ. ಜಗಳವಾಗುತ್ತದೆ, ಫೋಟೋ ಹೇಗೂ ಹೋಗುತ್ತದೆ. ಪ್ರತಿ ಹಲಗೆಯ ಮೂಲೆಗೆ ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಅಂಟಿಸಿ. ಚಿತ್ರದ ಜೊತೆ ನಂಬರೂ ಹೋಗಲಿ. ನನಗೆ ಮೇಳದ ದಿನ ಆಗುವ ವ್ಯಾಪಾರಕ್ಕಿಂತ ಆಮೇಲೆ ಫೋನಿನಲ್ಲಿ ಬರುವ ಆರ್ಡರ್ ಜಾಸ್ತಿ.

ಯಾವ ಮೇಳ ಅನ್ನುವುದನ್ನೂ ನೋಡಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ, ಕಾಲಿಡಲು ಜಾಗ ಇರುವುದಿಲ್ಲ. ಆದರೆ ಬಂದವರು ಬೆಂಡು ಬತ್ತಾಸು, ಬಳೆ, ತೊಟ್ಟಿಲು ಅಂತ ಬಂದಿರುತ್ತಾರೆ. ಅಲ್ಲಿ ದೊಡ್ಡ ಹಲಗೆ ಇಟ್ಟು ಕೂತರೆ ಧೂಳು ಒರೆಸುವುದೇ ಕೆಲಸ. ನೀನಾಸಂ ನಾಟಕೋತ್ಸವಕ್ಕೆ ಬರುವವರು ಅದರ ಹತ್ತರಲ್ಲಿ ಒಂದು ಪಾಲೂ ಇರಲಾರರು, ಆದರೂ ಅವರು ಚಿತ್ತಾರದ ಮುಂದೆ ನಿಂತು ಮಾತಾಡುತ್ತಾರೆ. ಬೆಂಗಳೂರಿನ ಚಿತ್ರಸಂತೆಗೂ ಅರ್ಜಿ ಹಾಕಿ. ಚಿತ್ರಕಲಾ ಪರಿಷತ್ತು ಅದನ್ನು ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತದೆ. ಅರ್ಜಿಯನ್ನು ತಿಂಗಳುಗಳ ಮೊದಲೇ ಕರೆಯುತ್ತಾರೆ, ದಸರಾ ಮುಗಿದ ಮೇಲೆ ನೋಡೋಣ ಅಂತ ಕೂತರೆ ಕೈತಪ್ಪುತ್ತದೆ.

ಹೊಸನಗರದಿಂದ ಒಬ್ಬರು

ಎಲ್ಲರೂ ನಿಮಗೆ ಸಣ್ಣ ಸಾಮಾನು ಇಡಿ, ಕೀಚೈನು ಇಡಿ, ಬುಕ್‌ಮಾರ್ಕು ಇಡಿ ಅಂತಾರೆ. ಇಡಬೇಡಿ. 50 ರೂಪಾಯಿಯದು ಎದುರಿಗಿದ್ದರೆ 3000ದ ಹಲಗೆ ಕಡೆ ಯಾರೂ ಕತ್ತು ಎತ್ತುವುದಿಲ್ಲ. ದಿನವಿಡೀ ಚಿಲ್ಲರೆ ಎಣಿಸಿ ಸುಸ್ತಾಗುತ್ತೀರಿ.

ಕೊಳ್ಳುವ ಕಡೆಯ ಒಬ್ಬರು, ಶಿವಮೊಗ್ಗ

ನನ್ನಂಥವರು ಯಾಕೆ ಹೊಗಳಿ ಹೊರಟುಬಿಡುತ್ತೇವೆ ಅಂತ ಹೇಳಿಬಿಡುತ್ತೇನೆ. ನಿಮ್ಮ ಸಾಮಾನಿನ ಮೇಲೆ ಬೆಲೆ ಚೀಟಿ ಇದೆಯಾ? ಪತ್ರದಲ್ಲಿ ಅದರ ಮಾತಿಲ್ಲ. ನಾವು ಮಲೆನಾಡಿನವರು ದಾಕ್ಷಿಣ್ಯದ ಜನ. ಒಮ್ಮೆ ಬಾಯಿಬಿಟ್ಟು ಬೆಲೆ ಕೇಳಿದರೆ ತಗೊಳ್ಳದೆ ಹೋಗುವುದು ಹೇಗೆ ಅನ್ನಿಸುತ್ತದೆ. ಅದಕ್ಕೆ ಕೇಳುವುದೇ ಇಲ್ಲ. ದೂರದಿಂದ ನೋಡಿ, ಚೆನ್ನಾಗಿದೆ ಅಂದು, ಜಾಗ ಖಾಲಿ ಮಾಡುತ್ತೇವೆ. ಚೀಟಿ ಇದ್ದರೆ ನನ್ನ ಪರ್ಸಿನ ಜೊತೆ ನಾನೇ ಮಾತಾಡಿಕೊಳ್ಳಬಹುದು.

ಇನ್ನೊಂದು. ಟ್ರೇ ಮೇಲೆ ಬಿಸಿ ಕಾಫಿ ಲೋಟ ಇಡಬಹುದಾ? ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ? ಇದು ಬಳಸುವ ಟ್ರೇನಾ, ಗೋಡೆಗೆ ನೇತುಹಾಕುವುದಾ? ಇಷ್ಟು ಗೊತ್ತಾಗದೆ 650 ಕೊಡುವವರು ಕಡಿಮೆ. ದಯವಿಟ್ಟು ‘ಬಡ ಕಲಾವಿದರನ್ನು ಬೆಂಬಲಿಸಿ’ ಅಂತ ಮಾತ್ರ ಬೋರ್ಡು ಹಾಕಬೇಡಿ. ಪಾಪ ಅಂತ ಒಂದು ಸಲ ತಗೊಂಡವರು ಮತ್ತೆ ಆ ಕಡೆ ಬರುವುದಿಲ್ಲ.

ಫೋಟೋಗೆ ಕಟ್ಟು ಹಾಕುವವರು, ಶಿವಮೊಗ್ಗ

ಕಾಗದದ ಮೇಲೆ ಬರೆದದ್ದಿದ್ದರೆ ನನ್ನ ಮಾತು ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳು ಹೇಗಿರುತ್ತವೆ ಅಂತ ನಿಮಗೆ ಹೇಳಬೇಕಾ? ಗಾಜು ಚಿತ್ರಕ್ಕೆ ಅಂಟಿಕೊಂಡಂತೆ ಕಟ್ಟು ಹಾಕಿದರೆ ಒಂದೇ ಮಳೆಗಾಲಕ್ಕೆ ಬೂಷ್ಟು ಬರುತ್ತದೆ. ನಡುವೆ ದಪ್ಪ ಮೌಂಟ್ ಹಾಳೆ ಕೊಡಿಸಿ, ಗಾಳಿಗೆ ಒಂಚೂರು ಜಾಗ ಇರಲಿ. ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಚೂರು ಅಂಟಿಸಿದರೆ ಚೌಕಟ್ಟು ಗೋಡೆಗೆ ತಾಗುವುದಿಲ್ಲ. ಅಕ್ಕಿ ಹಿಟ್ಟಿನ ಬಿಳಿ ಇದ್ದರೆ ಹುಳ ಬರುವುದೂ ಉಂಟು, ಅದು ಹಿಟ್ಟು ತಿನ್ನುವ ಜಾತಿ. ತಗೊಂಡವರ ಮನೆಯಲ್ಲಿ ಎರಡು ಮಳೆಗಾಲ ತಡೆದರೆ ಅವರೇ ನಾಲ್ಕು ಜನಕ್ಕೆ ಹೇಳುತ್ತಾರೆ. ಹಾಳಾದರೂ ಹೇಳುತ್ತಾರೆ, ಇನ್ನೂ ಜೋರಾಗಿ.

ಹಿರಿಯ ಓದುಗರು, ಸೊರಬ ತಾಲ್ಲೂಕು

ನಮ್ಮ ದೀವರ ಮನೆಗಳಲ್ಲಿ ಇದನ್ನು ಮಾರಲಿಕ್ಕೆ ಬರೆದವರಲ್ಲ. ಮದುವೆಗೆ ಹಸೆಗೋಡೆ ಮೇಲೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಮೇಲೆ ಬರೆದೆವು. ಈಗ ನೀನು ಮಾರುತ್ತೀಯ, ಮಾರು ಮಗಳೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಬಣ್ಣದ ವಿಷಯದಲ್ಲಿ ಸತ್ಯ ಹೇಳು. ಅಕ್ಕಿ ನೆನೆಸಿ ರುಬ್ಬಿದ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಕೆಮ್ಮಣ್ಣು, ಗುರಿಗೆ ಕಾಯಿಯ ಹಳದಿ ಹಚ್ಚಿದ್ದಕ್ಕೆ ಒಂದು ಬೆಲೆ. ಅಂಗಡಿ ಬಣ್ಣ ಹಚ್ಚಿದ್ದಕ್ಕೆ ಇನ್ನೊಂದು ಬೆಲೆ. ನೀರು ತಾಗುವ ಟ್ರೇಗೆ ಅಂಗಡಿ ಬಣ್ಣವೇ ಸರಿ, ನಾಚಿಕೆ ಬೇಡ. ಎರಡನ್ನೂ ಒಂದೇ ರಾಶಿಯಲ್ಲಿ ಹಾಕಿ ‘ಎಲ್ಲ ನೈಸರ್ಗಿಕ’ ಅನ್ನಬೇಡ.

ದಸರಾ ಮುಗಿದು ಹುಣ್ಣಿಮೆ ಬರುವುದರೊಳಗೆ ಬುಟ್ಟಿ ಬರೆದು ಪೇಟೆಗೆ ತಗೊಂಡು ಹೋಗಿ ನೋಡು. ಪೇಟೆ ಸೇರಿದ ನಮ್ಮವರಿಗೆ ಬುಟ್ಟಿ ಬೇಕು, ಸಗಣಿ ಸಾರಿಸಿ ಕೆಮ್ಮಣ್ಣು ಬಳಿಯಲು ಪುರುಸೊತ್ತಿಲ್ಲ. ಅವರು ಚೌಕಾಸಿ ಮಾಡುವುದಿಲ್ಲ, ಹಬ್ಬದ ಸಾಮಾನು ನೋಡು.

ಮದುವೆ ಮನೆಯವರು, ಸಾಗರ

ನಮ್ಮ ಮನೆ ಗೋಡೆಗೆಲ್ಲ ಪುಟ್ಟಿ ಹಚ್ಚಿ ಪೇಂಟ್ ಹೊಡೆಸಿಯಾಗಿದೆ. ಅದರ ಮೇಲೆ ಕೆಮ್ಮಣ್ಣು ಬಳಿಯೋಣ ಅಂದರೆ ಮಗ ಒಪ್ಪುತ್ತಿಲ್ಲ. ಬೇಸಿಗೆಯಲ್ಲಿ ಮಗಳ ಮದುವೆ. 4 ಅಡಿ ಅಗಲದ ಹಲಗೆ ಮೇಲೆ ಹಸೆ ಬರೆದು ಕೊಡುತ್ತೀರಾ? ನನ್ನ ನಂಬರ್ ಪತ್ರಿಕೆಯವರಿಗೆ ಕೊಟ್ಟಿದ್ದೇನೆ. ಮುಂಗಡ ಎಷ್ಟು ಅಂತ ತಿಳಿಸಿ. ಚೌಕಾಸಿ ಮಾಡಲ್ಲ ಅಂತ ಮಾತ್ರ ಮಾತು ಕೊಡಲಾರೆ, ನಮ್ಮ ಯಜಮಾನರು ಕೂಡ ಬರುತ್ತಾರೆ.

ನಿವೃತ್ತ ಬ್ಯಾಂಕ್ ನೌಕರರು, ತೀರ್ಥಹಳ್ಳಿ

ಕಾಗದಪತ್ರದ ಮಾತು ಯಾರೂ ಎತ್ತಲಿಕ್ಕಿಲ್ಲ ಅಂತ ನಾನು ಬರೆಯುತ್ತಿದ್ದೇನೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗದಿಂದ ಕುಶಲಕರ್ಮಿಗಳಿಗೆ ‘ಪೆಹಚಾನ್’ ಅನ್ನುವ ಗುರುತಿನ ಚೀಟಿ ಸಿಗುತ್ತದೆ. ಅದನ್ನು ಮೊದಲು ಮಾಡಿಸಿ. ಗಾಂಧಿ ಶಿಲ್ಪ ಬಜಾರ್‌ನಂಥ ಸರ್ಕಾರಿ ಮೇಳಗಳಿಗೆ ಅರ್ಜಿ ಹಾಕುವಾಗ ಅದನ್ನು ಕೇಳುತ್ತಾರೆ. ಅಂಥ ಕಡೆ ಕೈಕೆಲಸದವರದ್ದೇ ಸಾಲು, ಮಗ್ಗಿನವರ ಕಾಟ ಕಡಿಮೆ.

ವಿಶ್ವಕರ್ಮ ಯೋಜನೆಯಲ್ಲಿ ಸಾಲ ಸಿಗುತ್ತದೆ ಅಂತ ಯಾರಾದರೂ ನಿಮ್ಮನ್ನು ಓಡಾಡಿಸಿದರೆ ಸ್ವಲ್ಪ ತಡೆಯಿರಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ಅದರಲ್ಲಿ 18 ಕಸುಬುಗಳಿದ್ದವು. ಬುಟ್ಟಿ ಹೆಣೆಯುವವರು, ಕುಂಬಾರರು, ಗೊಂಬೆ ಮಾಡುವವರು ಇದ್ದಾರೆ, ಚಿತ್ರ ಬರೆಯುವವರು ಆ ಪಟ್ಟಿಯಲ್ಲಿಲ್ಲ. ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಸರ್ಕಾರ ಒಂದು ಪೈಸೆಯೂ ತಗೊಳ್ಳುವುದಿಲ್ಲ. ಸಾವಿರ ರೂಪಾಯಿ ಕೊಡಿ ಅನ್ನುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.

2025ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಾಗ ತುಂಬಾ ಜನ ಹೆದರಿ ಕ್ಯೂಆರ್ ಕೋಡ್ ತೆಗೆದುಹಾಕಿದರು. ನೀವು ತೆಗೆಯಬೇಡಿ. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 650ರ ಟ್ರೇ ಮಾರಿ ಅಲ್ಲಿಗೆ ಮುಟ್ಟಿದ ದಿನ ನನಗೂ ಒಂದು ಪತ್ರ ಹಾಕಿ. ಹೋಂಸ್ಟೇಗಳಿಗೆ ಮಾರಿದ ಮೇಲೆ ಹಣ ಕೊಡಿ ಅಂತ ಸಾಮಾನು ಬಿಟ್ಟು ಬಂದರೆ ಎರಡು ಪ್ರತಿಯಲ್ಲಿ ಪಟ್ಟಿ ಬರೆದು ಸಹಿ ಹಾಕಿಸಿಕೊಳ್ಳಿ, ಅವರು ನೆಂಟರೇ ಆಗಿರಲಿ. ಅರ್ಜಿ ತುಂಬಲು ಗೊತ್ತಾಗದಿದ್ದರೆ ಪತ್ರಿಕೆಯ ಮೂಲಕ ನನ್ನನ್ನು ಸಂಪರ್ಕಿಸಿ. ಬರುವಾಗ ಆಧಾರ್, ಪಾಸ್‌ಬುಕ್ ಮತ್ತು ನೀವು ಬರೆದ ಚಿತ್ತಾರದ ನಾಲ್ಕು ಫೋಟೋ ತನ್ನಿ.