ಪುಕ್ಕಟೆ ಸಿಗುವ ಸೋಗೆ, ಉಳ್ಳಾಗಡ್ಡಿ, ತೊಗರಿ ಹೊಟ್ಟು: ಹೈನದ ದನಗಳಿಗೆ ಎಷ್ಟು ಹಾಕಬಹುದು?

ಪ್ರಶ್ನೆ: ಮುಧೋಳ ತಾಲೂಕಿನ ಹೈನುಗಾರ

ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಆಕಳುಗಳು ಮತ್ತು ಎರಡು ಎಮ್ಮೆಗಳಿವೆ. ಹಿಂಡಿ, ಬೂಸಾಗಳ ದರ ಏರುತ್ತಲೇ ಇದ್ದು, ಹಾಲಿನ ಹಣದ ಬಹುಪಾಲು ಮೇವಿಗೇ ಹೋಗುತ್ತಿರುವುದರಿಂದ, ಸುತ್ತಮುತ್ತ ಪುಕ್ಕಟೆಯಾಗಿಯೋ ತೀರ ಕಡಿಮೆ ಬೆಲೆಗೋ ದೊರೆಯುವ ಪದಾರ್ಥಗಳನ್ನು ಬಳಸಿಕೊಳ್ಳಬೇಕೆಂದಿದ್ದೇನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಟಾವಿನವರಿಂದ ಸೋಗೆ ಸಿಗುತ್ತದೆ. ದರ ಕುಸಿದಾಗ ಬಾಗಲಕೋಟೆ ಕಡೆಯ ರೈತರು ಉಳ್ಳಾಗಡ್ಡಿಯನ್ನು ಸುಮ್ಮನೆ ಒಯ್ಯಿರಿ ಎನ್ನುತ್ತಾರೆ. ವಿಜಯಪುರದಲ್ಲಿ ಪರಿಚಯದವರ ಬೇಳೆ ಗಿರಣಿಯಿಂದ ತೊಗರಿ ಹೊಟ್ಟು ತರಬಹುದು. ಹಾಲು ಇಳಿಯದಂತೆ, ದನಗಳ ಆರೋಗ್ಯ ಕೆಡದಂತೆ ಇವುಗಳನ್ನು ಯಾವ ಪ್ರಮಾಣದಲ್ಲಿ ಹಾಕಬಹುದು? ಆಕಳುಗಳಲ್ಲಿ ಒಂದು ಏಳು ತಿಂಗಳ ಗಬ್ಬವಾಗಿದೆ.

ಉತ್ತರ: ಗೋಕಾಕ ಕಡೆಯ ಹೈನುಗಾರ

ಮೊದಲು ತೂಕದ ಲೆಕ್ಕವನ್ನು ಬಿಟ್ಟು ಒಣ ಅಂಶದ, ಅಂದರೆ ಮೇವಿನಲ್ಲಿ ನೀರನ್ನು ಕಳೆದು ಉಳಿಯುವ ಭಾಗದ, ಲೆಕ್ಕವನ್ನು ಹಿಡಿಯಿರಿ. ಸುಮಾರು 400 ಕೆ.ಜಿ. ತೂಕದ ಹಾಲು ಹಿಂಡುವ ಆಕಳಿಗೆ ದಿನಕ್ಕೆ 10ರಿಂದ 12 ಕೆ.ಜಿ. ಒಣ ಅಂಶ ಬೇಕು. ಹಸಿ ಸೋಗೆಯಲ್ಲಿ ನೂರಕ್ಕೆ 25ರಿಂದ 30ರಷ್ಟು ಮಾತ್ರ ಒಣ ಅಂಶವಿರುವುದರಿಂದ, 40 ಕೆ.ಜಿ. ಸೋಗೆ ತಿಂದರೆ ಆಕಳಿನ ಹೊಟ್ಟೆಯೇನೋ ತುಂಬುತ್ತದೆ. ಆದರೆ ಆ ಒಣ ಅಂಶದಲ್ಲಿ ಪ್ರೋಟೀನು ನೂರಕ್ಕೆ ಐದಾರು ಭಾಗ ಇದ್ದರೆ ಹೆಚ್ಚು. ಮೇವನ್ನು ಅರಗಿಸುವ ಸೂಕ್ಷ್ಮಜೀವಿಗಳು ಬದುಕಿ ಬೆಳೆಯಲು ಕನಿಷ್ಠ ಏಳಾದರೂ ಇರಬೇಕು. ನಮ್ಮ ಭಾಗದಲ್ಲಿ ಹಂಗಾಮು ಆರಂಭವಾಗುತ್ತಿದ್ದಂತೆ ಅನೇಕರು ಸೋಗೆ ಹೇರಳವಾಗಿದೆಯೆಂದು ಹಿಂಡಿಯನ್ನು ಕಡಿಮೆ ಮಾಡುತ್ತಾರೆ, ಹಾಲು ಇಳಿದಾಗ ಚಳಿಯನ್ನು ದೂರುತ್ತಾರೆ. ಸೋಗೆಯಿಂದ ಉಳಿಸಬೇಕಾದದ್ದು ಕಣಿಕೆಯ (ಒಣಗಿದ ಜೋಳದ ದಂಟಿನ) ಖರ್ಚನ್ನೇ ಹೊರತು ಹಿಂಡಿಯ ಖರ್ಚನ್ನಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸೋಗೆಯಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ದನಕ್ಕೆ ದಕ್ಕದಂತೆ ಮಾಡುವುದರಿಂದ, ತಿಂಗಳುಗಟ್ಟಲೆ ಅದನ್ನೇ ತಿನ್ನುವ ಆಕಳಿಗೆ ದಿನಕ್ಕೆ 50 ಗ್ರಾಂನಷ್ಟು ಖನಿಜ ಮಿಶ್ರಣವನ್ನು ತಪ್ಪದೆ ಕೊಡಿ. ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಉಳಿಯುವ ದಂಟು ಬಹಳಷ್ಟು ಕಡಿಮೆಯಾಗುತ್ತದೆ. ಹೊಲದ ಬದುವಿನಲ್ಲಿ ಸ್ವಲ್ಪ ಕುದುರೆ ಮೆಂತೆ ಅಥವಾ ಅಲಸಂದೆ ಬೆಳೆದುಕೊಂಡರೆ ಸೋಗೆಯ ಪ್ರೋಟೀನಿನ ಕೊರತೆಯನ್ನು ಒಂದಿಷ್ಟು ತುಂಬಬಹುದು.

ಉತ್ತರ: ಪಶುವೈದ್ಯ, ಬೆಳಗಾವಿ

ಸೋಗೆಯ ಬಗ್ಗೆ ಮೇಲಿನವರು ಹೇಳಿದ್ದು ಸರಿಯಾಗಿದೆ. ನನಗೆ ಆತಂಕವಿರುವುದು ಉಳ್ಳಾಗಡ್ಡಿಯ ಕುರಿತು. ಅದರಲ್ಲಿರುವ ಗಂಧಕದ ಸಂಯುಕ್ತಗಳು ಕೆಂಪು ರಕ್ತಕಣಗಳಲ್ಲಿನ ಹಿಮೊಗ್ಲೋಬಿನ್ ಅನ್ನು ಹಾಳುಮಾಡುತ್ತವೆ, ಆಗ ಆ ಕಣಗಳು ಒಡೆದು ರಕ್ತಹೀನತೆ ಉಂಟಾಗುತ್ತದೆ. ಆಡು, ಕುರಿಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ದನಗಳು ತಾಳಿಕೊಳ್ಳುವುದಿಲ್ಲ. ಆದುದರಿಂದ ಪಕ್ಕದ ಮನೆಯ ಕುರಿಗಳು ಉಳ್ಳಾಗಡ್ಡಿ ತಿಂದು ಚೆನ್ನಾಗಿವೆ ಎಂಬುದನ್ನು ಆಕಳಿಗೆ ಆಧಾರವಾಗಿ ಹಿಡಿಯಬಾರದು. ಬೇಯಿಸಿದರೂ ಒಣಗಿಸಿದರೂ ಈ ವಿಷಗುಣ ಹೋಗುವುದಿಲ್ಲ.

ಲಕ್ಷಣಗಳು ತಿಂದ ದಿನವೇ ಕಾಣುವುದಿಲ್ಲವಾದ್ದರಿಂದ, ಕೆಲವು ದಿನಗಳ ನಂತರ ಆಕಳು ಸೊರಗಿದಾಗ ಮನೆಯವರಿಗೆ ಕಾರಣವೇ ಹೊಳೆಯುವುದಿಲ್ಲ. ಮೂತ್ರ ಕೆಂಪು ಅಥವಾ ಕಾಫಿಯ ಬಣ್ಣಕ್ಕೆ ತಿರುಗುವುದು, ವಸಡು ಮತ್ತು ಕಣ್ಣಿನ ಒಳಪೊರೆ ಬಿಳಿಚಿಕೊಳ್ಳುವುದು ಅಥವಾ ಹಳದಿಯಾಗುವುದು, ಉಸಿರಿನಲ್ಲಿ ಉಳ್ಳಾಗಡ್ಡಿಯ ವಾಸನೆ, ನಡೆಯುವಾಗ ತೂರಾಡುವುದು, ಇವುಗಳಲ್ಲಿ ಯಾವುದು ಕಂಡರೂ ಉಳ್ಳಾಗಡ್ಡಿಯನ್ನು ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ, ಏಕೆಂದರೆ ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ.

ಒಟ್ಟು ಮೇವಿನ ಒಣ ಅಂಶದಲ್ಲಿ ಉಳ್ಳಾಗಡ್ಡಿ ಕಾಲು ಭಾಗವನ್ನು ಮೀರಬಾರದು ಎಂಬ ಒಂದು ಮೇಲ್ಮಿತಿ ಪಶು ಆಹಾರ ಶಾಸ್ತ್ರದಲ್ಲಿದೆ. ಆ ಮಿತಿಯು ಎಲ್ಲವನ್ನೂ ತೂಗಿ, ಕತ್ತರಿಸಿ, ಸಮವಾಗಿ ಬೆರೆಸಿ ಹಾಕುವ ದೊಡ್ಡ ಕೊಟ್ಟಿಗೆಗಳಿಗೆ ಹೊಂದುತ್ತದೆ. ನಮ್ಮ ಕೊಟ್ಟಿಗೆಗಳಲ್ಲಿ ಗೋದಲಿಗೆ ಸುರಿದಾಗ ಬಲಿಷ್ಠ ಎಮ್ಮೆಯೊಂದೇ ಮೂರು ದನಗಳ ಪಾಲನ್ನು ತಿನ್ನುತ್ತದೆ. ಹಾಕಲೇಬೇಕೆಂದಿದ್ದರೆ ದೊಡ್ಡ ಆಕಳಿಗೆ ದಿನಕ್ಕೆ ಎರಡು ಕೆ.ಜಿ.ಯೊಳಗೆ, ಹೆಚ್ಚಿ, ಕಣಿಕೆಯೊಂದಿಗೆ ಬೆರೆಸಿ, ಹಾಲು ಹಿಂಡಿದ ಮೇಲೆ ಹಾಕಿರಿ. ಮೊದಲೇ ಹಾಕಿದರೆ ಹಾಲಿಗೆ ವಾಸನೆ ಬಂದು ಡೇರಿಯಲ್ಲಿ ತಿರಸ್ಕೃತವಾಗಬಹುದು. ಇಡೀ ಗಡ್ಡೆ ಗಂಟಲಿನಲ್ಲಿ ಸಿಲುಕಿ ಹೊಟ್ಟೆ ಉಬ್ಬುವ ಅಪಾಯವೂ ಇದೆ. ಗಬ್ಬದ ಆಕಳಿಗೆ ಮತ್ತು ಕರುಗಳಿಗೆ ಬೇಡವೇ ಬೇಡ. ಇನ್ನೊಂದು ಮಾತು: ಉಳ್ಳಾಗಡ್ಡಿಯಲ್ಲಿ ನೂರಕ್ಕೆ 88ರಷ್ಟು ನೀರು. ಬಾಗಲಕೋಟೆಯಿಂದ ಒಂದು ಟನ್ ತಂದರೆ ಕೈಗೆ ಸಿಗುವ ಒಣ ಮೇವು 120 ಕೆ.ಜಿ. ಮಾತ್ರ, ಗಾಡಿಯ ಬಾಡಿಗೆಯನ್ನು ಅದರೊಂದಿಗೆ ಹೋಲಿಸಿ ನೋಡಿರಿ.

ಉತ್ತರ: ವಿಜಯಪುರದ ಓದುಗ

ಗಿರಣಿಯಲ್ಲಿ ಕೇಳುವಾಗ ಬರಿಯ ಹೊಟ್ಟು ಬೇಕೋ ಚುನ್ನಿ ಬೇಕೋ ಎಂಬುದನ್ನು ಸ್ಪಷ್ಟವಾಗಿ ಹೇಳಿರಿ. ಹೊಟ್ಟು ಎಂದರೆ ಕಾಳಿನ ಸಿಪ್ಪೆ, ಅದು ನಾರಿನ ಮೇವು. ಒಡೆದ ಬೇಳೆಯ ನುಚ್ಚು ಮತ್ತು ಮೊಳಕೆಯ ಭಾಗ ಸೇರಿದ ಚುನ್ನಿಯಲ್ಲಿ ಪ್ರೋಟೀನು ಗಣನೀಯವಾಗಿ ಹೆಚ್ಚಿರುವುದರಿಂದ, ಸೋಗೆಯ ಹಂಗಾಮಿನಲ್ಲಿ ನಿಮಗೆ ನಿಜವಾಗಿ ನೆರವಾಗುವುದು ಅದೇ. ಸ್ವಲ್ಪ ಹಣ ಕೊಟ್ಟಾದರೂ ಅದನ್ನೇ ತನ್ನಿರಿ. ಮಳೆಗೆ ನೆಂದು ಮುಗ್ಗಿದ ಚೀಲವನ್ನು ಪುಕ್ಕಟೆ ಕೊಟ್ಟರೂ ತರಬೇಡಿ: ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ, ಆಕಳಿನ ಹಾಲಿಗೂ ಇಳಿಯುತ್ತದೆ. ಆ ಹಾಲನ್ನು ಕುಡಿಯುವುದು ನಮ್ಮ ಮಕ್ಕಳೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಉಳ್ಳಾಗಡ್ಡಿಯ ವಿಚಾರವನ್ನು ಕೈಬಿಟ್ಟಿದ್ದೇನೆ. ಸೋಗೆ ಮತ್ತು ಚುನ್ನಿಯನ್ನು ಬಳಸುತ್ತೇನೆ. ಮದುವೆ ಮನೆಗಳಲ್ಲಿ ಉಳಿಯುವ ಅನ್ನ, ಹುಗ್ಗಿಗಳನ್ನು ತಂದು ಹಾಕುವ ರೂಢಿ ನಮ್ಮೂರಿನಲ್ಲಿದೆ. ಅದು ಸರಿಯೇ?

ಉತ್ತರ: ಪಶುವೈದ್ಯ, ಬೆಳಗಾವಿ

ಬೇಸಿಗೆಯ ಮದುವೆ ಹಂಗಾಮಿನಲ್ಲಿ ದನಗಳು ಸಾಯುವ ಪ್ರಕರಣಗಳಲ್ಲಿ ನಾವು ಮೊದಲು ವಿಚಾರಿಸುವುದೇ ಇದನ್ನು. ಅನ್ನ, ಹುಗ್ಗಿಯ ಪಿಷ್ಟ ಮತ್ತು ಬೆಲ್ಲ ಮೊದಲ ಹೊಟ್ಟೆಯಲ್ಲಿ ಬಹು ಬೇಗ ಹುಳಿತು ಲ್ಯಾಕ್ಟಿಕ್ ಆಮ್ಲವಾಗುತ್ತವೆ. ರೂಢಿಯಿಲ್ಲದ ಆಕಳು ಒಂದೇ ಸಲಕ್ಕೆ ಬಕೆಟ್ಟುಗಟ್ಟಲೆ ತಿಂದರೆ ಮೆಲುಕು ನಿಂತು, ಹುಳಿ ವಾಸನೆಯ ಭೇದಿಯಾಗಿ, ನೆಲ ಹಿಡಿದು, ಒಂದೆರಡು ದಿನಗಳಲ್ಲಿ ಸಾಯಬಹುದು. ಹಳಸದ ಅನ್ನವನ್ನು ಒಂದೆರಡು ಹಿಡಿಯಷ್ಟು ಕಣಿಕೆಯ ಜೊತೆ ಹಾಕಿದರೆ ತೊಂದರೆಯಿಲ್ಲ. ಪಾತ್ರೆಗಟ್ಟಲೆ ಉಳಿದದ್ದನ್ನು ಕೊಟ್ಟಿಗೆಗೆ ತರದೆ ತಿಪ್ಪೆಗೆ ಹಾಕಿರಿ. ದನ ಈಗಾಗಲೇ ತಿಂದಿದ್ದರೆ ಲಕ್ಷಣಗಳಿಗಾಗಿ ಕಾಯದೆ, ಒಣ ಕಣಿಕೆಯನ್ನಷ್ಟೇ ಮುಂದಿಟ್ಟು, ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಅಂದೇ ತಿಳಿಸಿರಿ.